ಸೌಂಡ್ ಕೆಡಿಸೋ ಡಬ್ಬಿ ಕೆಟ್ಟ ದಿನ

ಸುಟ್ಟ ವಾಸನೆ ಮೊದಲು ಬಡಿದದ್ದು ನನ್ನ ಮೂಗಿಗಲ್ಲ, ಅಡುಗೆಮನೆಯಲ್ಲಿದ್ದ ಅಮ್ಮನಿಗೆ. "ಏನೋ ಅದು, ವೈರ್ ಸುಟ್ಟ ಹಾಗಿದೆ!" ಎಂದು ಕೂಗಿದರು. ನಾನು ಗಿಟಾರನ್ನು ಕೊರಳಿಗೆ ಹಾಕಿಕೊಂಡು, ನೆಲದ ಮೇಲಿದ್ದ ಕಿತ್ತಳೆ ಬಣ್ಣದ ಡಬ್ಬಿಯನ್ನು ನೋಡುತ್ತಾ ನಿಂತಿದ್ದೆ. ಅದರ ಕೆಂಪು ಲೈಟ್ ಹತ್ತಲೇ ಇಲ್ಲ. ಅದು ನಮ್ಮ ಮನೆಗೆ ಬಂದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ.

ಅದು ನನ್ನ ಮೊದಲ ಡಿಸ್ಟಾರ್ಷನ್ ಪೆಡಲ್. ಅಂದರೆ ಗಿಟಾರಿಗೂ ಆಂಪ್ಲಿಫೈಯರಿಗೂ (ಆಂಪ್) ನಡುವೆ ಇಟ್ಟು, ಕಾಲಿನಿಂದ ಒತ್ತಿ ಸೌಂಡ್ ಒಡೆಯುವ ಡಬ್ಬಿ. ಜಪಾನಿನ ಬಾಸ್ ಕಂಪನಿ 1978ರಲ್ಲಿ ಡಿಎಸ್-1 ಅಂತ ಒಂದು ಕಿತ್ತಳೆ ಡಬ್ಬಿ ತಂದಿತು. ಇವತ್ತಿಗೂ ಮಾರುತ್ತಿದ್ದಾರೆ. ನನ್ನದು ಅದಲ್ಲ, ಅದರ ದೂರದ ನೆಂಟ. ಕೆಲಸ ಸಿಕ್ಕಿ ಬೇರೆ ಊರಿಗೆ ಹೊರಟಿದ್ದ ಹುಡುಗನೊಬ್ಬನಿಂದ 1,500 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ. "ಅಡಾಪ್ಟರ್ ಕಳೆದುಹೋಗಿದೆ ಅಂಕಲ್, 9 ವೋಲ್ಟಿಂದು ತಗೊಳ್ಳಿ, ಆದ್ರೆ ನೋಡ್ಕೊಂಡು..." ಅಂತ ಏನೋ ಹೇಳಿದ. ಅಂಕಲ್ ಅಂದದ್ದಕ್ಕೆ ಬೇಜಾರಾಗಿ ಮುಂದಿನದು ನನ್ನ ಕಿವಿಗೆ ಹೋಗಲಿಲ್ಲ. ನಲವತ್ತೊಂದಕ್ಕೆ ಗಿಟಾರ್ ಕಲಿಯಲು ಶುರು ಮಾಡಿದವನಿಗೆ ಈ ಒಂದು ಶಬ್ದ ಸ್ವಲ್ಪ ಜಾಸ್ತಿಯೇ ಚುಚ್ಚುತ್ತದೆ.

ಎಲ್ಲರ ಮನೆಯಲ್ಲೂ ಹಳೇ ಚಾರ್ಜರ್‌ಗಳ ಒಂದು ಡಬ್ಬ ಇರುತ್ತದಲ್ಲ. ಸತ್ತ ಮೊಬೈಲ್, ಮಾರಿದ ರೇಡಿಯೋ, ಯಾವುದರದ್ದೆಂದೇ ಗೊತ್ತಿಲ್ಲದ ವೈರು. ಅದರಲ್ಲಿ ಹಳೇ ವೈಫೈ ರೂಟರಿನ ಅಡಾಪ್ಟರ್ ಸಿಕ್ಕಿತು. ಪಿನ್ ಪೆಡಲ್‌ಗೆ ಸರಿಯಾಗಿ ಕೂತಿತು. ಕೂತಿತು ಅಂದಮೇಲೆ ಸರಿಯೇ ಅಲ್ವಾ?

ಅಲ್ಲ. ವಾಸನೆ ಬಂದ ಮೇಲೆ ಕನ್ನಡಕ ಹಾಕಿಕೊಂಡು ಓದಿದೆ. 12 ವೋಲ್ಟ್, 2 ಆಂಪಿಯರ್. ಪಕ್ಕದಲ್ಲೇ ಸಾಸಿವೆ ಗಾತ್ರದ ಒಂದು ಚಿತ್ರ: ನಡುವೆ ಚುಕ್ಕಿ, ಸುತ್ತ ಅರ್ಧ ಬಳೆ, ಆ ಕಡೆ ಪ್ಲಸ್, ಈ ಕಡೆ ಮೈನಸ್. ರೂಟರಿನ ಪಿನ್ನಿನಲ್ಲಿ ಪ್ಲಸ್ ಒಳಗೆ, ಮೈನಸ್ ಹೊರಗೆ. ಪೆಡಲಿನ ಮೇಲೂ ಅದೇ ಚಿತ್ರವಿತ್ತು, ಆದರೆ ಉಲ್ಟಾ. ಗಿಟಾರ್ ಪೆಡಲ್‌ಗಳಲ್ಲಿ ಹೆಚ್ಚಿನವು 9 ವೋಲ್ಟಿನವು, ಮೈನಸ್ ನಡುವೆ ಇರುವಂಥವು. ಇಷ್ಟನ್ನು ಯಾರಾದರೂ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಬಾರದೇ ಅಂತ ಬೈದುಕೊಂಡೆ. ಬರೆದಿದ್ದರೂ ನಾನು ಓದುತ್ತಿರಲಿಲ್ಲ, ಆ ಮಾತು ಬೇರೆ.

ಶನಿವಾರವಾಗಿತ್ತು. ಜಯನಗರದಲ್ಲಿ ಹಸಿರು ಲೈನ್ ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ಎಸ್.ಪಿ. ರೋಡಿಗೆ ನಡೆದೆ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನು ಏನು ಬೇಕಿದ್ದರೂ ಜನ ಬರುವುದು ಅಲ್ಲಿಗೇ. ಕೆಪಾಸಿಟರ್‌ಗಳನ್ನು ಕಡಲೆಕಾಯಿಯ ಹಾಗೆ ರಾಶಿ ಹಾಕಿ ಮಾರುವ ಅಂಗಡಿಗಳಿವೆ. ಮೂರ್ನಾಲ್ಕು ಕಡೆ "ಇದೆಲ್ಲ ಇಲ್ಲಿ ಮಾಡಲ್ಲ ಸರ್" ಅನಿಸಿಕೊಂಡು, ಕೊನೆಗೆ ಒಂದು ಮಹಡಿ ಮೆಟ್ಟಿಲ ಕೆಳಗಿನ ಗೂಡಿಗೆ ಬಂದೆ. ಒಬ್ಬ ಹಿರಿಯರು ಕೂತಿದ್ದರು. ಸುತ್ತ ಆಂಪ್ಲಿಫೈಯರ್‌ಗಳು, ಮಿಕ್ಸರ್‌ಗಳು, ಒಂದು ಕೀಬೋರ್ಡಿನ ಅಸ್ಥಿಪಂಜರ. ಗಣೇಶನ ಹಬ್ಬದ ಆರ್ಕೆಸ್ಟ್ರಾದವರೆಲ್ಲ ಅವರ ಗಿರಾಕಿಗಳಂತೆ.

ಡಬ್ಬಿ ತಿರುಗಿಸಿ ನೋಡಿದರು. "ಏನ್ಮಾಡುತ್ತೆ ಇದು?"

"ಡಿಸ್ಟಾರ್ಷನ್ ಸರ್. ಗಿಟಾರ್ ಸೌಂಡ್ ಒಡೆದ ಹಾಗೆ ಬರುತ್ತೆ."

ಅವರು ಸೋಲ್ಡರಿಂಗ್ ಐರನ್ ಕೆಳಗಿಟ್ಟರು. "ನಲವತ್ತು ವರ್ಷದಿಂದ ಜನ ಸೌಂಡ್ ಒಡೀತಿದೆ ಅಂತ ನನ್ನ ಹತ್ರ ತರ್ತಾರೆ. ಒಡೀತಿಲ್ಲ ಅಂತ ತಂದವರು ನೀವೇ ಮೊದಲು."

ಕೆಳಗಿನ ನಾಲ್ಕು ಸ್ಕ್ರೂ ಬಿಚ್ಚಿದರು. ಪವರ್ ಸಾಕೆಟ್ಟಿಗೆ ಮಲ್ಟಿಮೀಟರಿನ ಎರಡು ಕಡ್ಡಿ ಇಟ್ಟ ಕೂಡಲೇ ಅದು ಕೀ ಅಂತ ಕೂಗಿತು. "ಶಾರ್ಟ್" ಅಂದರು. ಸಾಕೆಟ್ಟಿನ ಪಕ್ಕದಲ್ಲೇ ಅಕ್ಕಿ ಕಾಳಿನಷ್ಟು ಕಪ್ಪು ಡಯೋಡು, ಒಂದು ತುದಿಯಲ್ಲಿ ಬೆಳ್ಳಿ ಗೆರೆ. ಮೈ ಸೀಳಿತ್ತು. ಇದರ ಕೆಲಸವೇ ಇದಂತೆ. ಕರೆಂಟ್ ಸರಿಯಾದ ದಿಕ್ಕಿನಿಂದ ಬಂದರೆ ತೆಪ್ಪಗಿರುತ್ತದೆ. ಉಲ್ಟಾ ಬಂದರೆ ಅದನ್ನೆಲ್ಲ ತಾನೇ ಎಳೆದುಕೊಂಡು, ಬೇಕಾದರೆ ತಾನು ಸತ್ತು, ಹಿಂದಿರುವ ಐಸಿ ಅನ್ನೋ ಚಿಪ್ಪನ್ನು ಉಳಿಸುತ್ತದೆ. ಕಾವಲಿನ ನಾಯಿ ಅಂದರು ಅವರು. ಸತ್ತದ್ದನ್ನು ಕಿತ್ತು, ಪ್ಲಾಸ್ಟಿಕ್ ಡಬ್ಬಿಯಿಂದ ಇನ್ನೊಂದು ತೆಗೆದು ಬೆಸುಗೆ ಹಾಕಿದರು. 1N4007 ಅನ್ನೋ ನಂಬರಿನದು. ಒಂದೆರಡು ರೂಪಾಯಿಯ ಮಾಲು.

ಆಮೇಲೆ ಬೋರ್ಡಿನ ಇನ್ನೊಂದು ಮೂಲೆಗೆ ಬೆರಳಿಟ್ಟರು. ಗಾಜಿನ ಮೈಯ ಎರಡು ಪುಟ್ಟ ಕೆಂಪು ಡಯೋಡು, ಒಂದರ ಮುಖ ಆ ಕಡೆ, ಇನ್ನೊಂದರದ್ದು ಈ ಕಡೆ. "ನೀವು ದುಡ್ಡು ಕೊಟ್ಟಿದ್ದು ಇದಕ್ಕೆ. ಐಸಿ ಗಿಟಾರಿನ ಸಿಗ್ನಲ್ ಉಬ್ಬಿಸುತ್ತೆ. ಇವೆರಡೂ ಸೇರಿ ಅಲೆಯ ತಲೆ, ಬುಡ ಎರಡನ್ನೂ ಕತ್ತರಿಸ್ತವೆ. ಉಳಿದದ್ದೆಲ್ಲ ತಗಡು." ಸುಮ್ನೆ ಹೇಳಿದ್ದಲ್ಲ, ನಿಜವೇ. ದುಂಡಗಿನ ಅಲೆ ಚಪ್ಪಟೆಯಾದಾಗ ನಮ್ಮ ಕಿವಿಗೆ ಕೇಳುವ ಗರಗರ ಶಬ್ದಕ್ಕೇ ಡಿಸ್ಟಾರ್ಷನ್ ಅನ್ನುವುದು.

ನನಗೂ ಗೊತ್ತಿದ್ದ ಒಂದು ಕಥೆ ಹೇಳಿದೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಒಂದು ರೆಕಾರ್ಡಿಂಗ್ ನಡೆಯುವಾಗ ಮಿಕ್ಸರಿನ ಒಂದು ಚಾನೆಲ್ ಕೆಟ್ಟುಹೋಯಿತು. ಗ್ರೇಡಿ ಮಾರ್ಟಿನ್ ಎಂಬ ವಾದಕನ ಬೇಸ್ ಗಿಟಾರ್ ಜೀರುಂಡೆಯ ಹಾಗೆ ಕೇಳಿಸಿತು. ಅದನ್ನು ಹಾಗೇ ಬಿಟ್ಟರು, ಹಾಡು ಓಡಿತು. ಅಲ್ಲಿನ ಇಂಜಿನಿಯರ್ ಗ್ಲೆನ್ ಸ್ನಾಡಿ ಆ ಕೆಟ್ಟ ಶಬ್ದವನ್ನೇ ಬೇಕೆಂದಾಗ ಬರಿಸುವ ಸರ್ಕ್ಯೂಟ್ ಮಾಡಿಕೊಟ್ಟರು. 1962ರಲ್ಲಿ ಅದು ಮ್ಯಾಸ್ಟ್ರೋ ಫಜ್-ಟೋನ್ ಅನ್ನೋ ಪೆಡಲ್ ಆಗಿ ಅಂಗಡಿಗೆ ಬಂತು.

ಹಿರಿಯರು ಪೂರ್ತಿ ಕೇಳಿ, "ಆ ಮಿಕ್ಸರ್ ಯಾರೂ ರಿಪೇರಿ ಮಾಡ್ಲಿಲ್ವಾ?" ಅಂದರು.

ಅಡಾಪ್ಟರ್ ಕೆಲಸ ಇನ್ನೂ ಬಾಕಿಯಿತ್ತು. ಪಕ್ಕದ ಅಂಗಡಿಯಿಂದ 9 ವೋಲ್ಟಿನ ಸಾದಾ ಅಡಾಪ್ಟರ್ ತರಿಸಿದರು. ಅದೂ ಪ್ಲಸ್ ಒಳಗಿರುವುದೇ. ಪಿನ್ನಿನಿಂದ ಒಂದು ಗೇಣು ಹಿಂದೆ ವೈರ್ ಕತ್ತರಿಸಿ, ಎರಡು ಎಳೆಗಳನ್ನೂ ಅದಲು ಬದಲು ಮಾಡಿ ಬೆಸೆದು, ಮೇಲೆ ಕಪ್ಪು ಸ್ಲೀವ್ ಏರಿಸಿ ಲೈಟರಿನಿಂದ ಬಿಸಿ ಮಾಡಿದರು. ಸ್ಲೀವ್ ಕುಗ್ಗಿ ವೈರಿಗೆ ಅಂಟಿಕೊಂಡಿತು. "ಮನೇಲಿ ನೇಲ್ ಪಾಲಿಶ್ ಇದ್ರೆ ಇದಕ್ಕೆ ಗುರುತು ಹಾಕಿ. ಇಲ್ಲಾಂದ್ರೆ ನಾಳೆ ಇದನ್ನ ರೂಟರ್‌ಗೆ ಹಾಕಿ ಅದನ್ನೂ ತರ್ತೀರ." ಒಂದು 9 ವೋಲ್ಟ್ ಬ್ಯಾಟರಿಯನ್ನೂ ಕೊಟ್ಟು, "ನುಡಿಸಿ ಆದಮೇಲೆ ಗಿಟಾರಿಂದ ಬರೋ ಇನ್‌ಪುಟ್ ವೈರ್ ತೆಗೀರಿ. ಈ ಡಬ್ಬಿಗೆ ಸ್ವಿಚ್ ಅಂದ್ರೆ ಅದೇ. ವೈರ್ ಇರೋವರೆಗೂ ಬ್ಯಾಟರಿ ಉರೀತಾನೇ ಇರುತ್ತೆ" ಅಂದರು. ಎಲ್ಲ ಸೇರಿ 350 ರೂಪಾಯಿ.

ಮನೆಗೆ ಬಂದು ಅಡಾಪ್ಟರ್ ಹಾಕಿ ಕಾಲಿನಿಂದ ಒತ್ತಿದೆ. ಕೆಂಪು ಲೈಟ್ ಹತ್ತಿತು. ಗಿಟಾರ್ ಮುಟ್ಟುವ ಮೊದಲೇ ಆಂಪ್‌ನಿಂದ ಜೇನುಗೂಡಿಗೆ ಕಲ್ಲು ಹೊಡೆದಂಥ ಸದ್ದು. ಹೆಂಡತಿ ಬಾಗಿಲಲ್ಲಿ ಇಣುಕಿ, "ರಿಪೇರಿ ಆಯ್ತು ಅಂದ್ರಿ?" ಅಂದಳು.

ಆ ಸಂಜೆಯ ಎರಡು ಗಂಟೆ ಈ ಹಮ್ಮಿಂಗ್ ಹಿಂದೆ ಹೋಯಿತು. ಅಡಾಪ್ಟರ್ ಕಿತ್ತು ಬ್ಯಾಟರಿ ಹಾಕಿದೆ. ಸದ್ದು ಅರ್ಧಕ್ಕೆ ಇಳಿಯಿತು. ಅಂದರೆ ಅರ್ಧ ತಪ್ಪು ಅಗ್ಗದ ಅಡಾಪ್ಟರಿನದ್ದು. ಉಳಿದರ್ಧಕ್ಕೆ ಗಿಟಾರ್ ಹಿಡಿದು ಕೋಣೆಯಲ್ಲಿ ನಿಧಾನಕ್ಕೆ ಗಿರಕಿ ಹೊಡೆದೆ, ದಿಕ್ಕು ತಪ್ಪಿದ ದಿಕ್ಸೂಚಿಯ ಹಾಗೆ. ಟ್ಯೂಬ್‌ಲೈಟ್ ಕಡೆ ತಿರುಗಿದರೆ ಜಾಸ್ತಿ, ಬೀರುವಿನ ಕಡೆ ತಿರುಗಿದರೆ ಕಡಿಮೆ. ನನ್ನ ಗಿಟಾರಿನಲ್ಲಿ ತಂತಿಯ ಕಂಪನ ಹಿಡಿಯಲು ಇರುವುದು ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್. ಅದು ತಂತಿಯ ಜೊತೆಗೆ ಗೋಡೆಯೊಳಗಿನ ಕರೆಂಟಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಕೊನೆಗೆ ಎಕ್ಸ್‌ಟೆನ್ಷನ್ ಬೋರ್ಡ್ ನೋಡಿದೆ. ಅದರ ಪ್ಲಗ್ಗಿನ ಮೂರನೇ ಪಿನ್ ಇರಲಿಲ್ಲ. ಹಳೇ ಟೂ ಪಿನ್ ಸಾಕೆಟ್ಟಿಗೆ ಕೂರಲಿ ಅಂತ ಯಾವಾಗಲೋ ನಾನೇ ಕಟಿಂಗ್ ಪ್ಲೇಯರ್‌ನಲ್ಲಿ ಮುರಿದಿದ್ದೆ. ಆಂಪ್‌ಗೆ ಅರ್ಥಿಂಗ್ ಇರಲೇ ಇಲ್ಲ. ಫ್ರಿಜ್ ಪಕ್ಕದ ಸರಿಯಾದ ತ್ರೀ ಪಿನ್ ಸಾಕೆಟ್ಟಿಗೆ ಆಂಪ್ ಹಾಕಿದಾಗ ಮನೆ ತಣ್ಣಗಾಯಿತು. ಅರ್ಥಿಂಗ್ ಇಲ್ಲದೆ ಕಬ್ಬಿಣದ ತಂತಿ ಹಿಡಿದು ನುಡಿಸುವುದು ಬರೀ ಸದ್ದಿನ ವಿಷಯವಲ್ಲ, ಜೀವದ ವಿಷಯ ಅಂತ ಆಮೇಲೆ ಗಿಟಾರ್ ಮೇಷ್ಟ್ರು ಗದರಿದರು.

ಸರಿ, ಈಗ ನುಡಿಸೋಣ ಅಂತ ಮೂರು ನಾಬ್‌ಗಳನ್ನೂ ಕೊನೆಯವರೆಗೆ ತಿರುಗಿಸಿ ಆರೂ ತಂತಿಯ ಜಿ ಕಾರ್ಡ್, ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೇ, ಹೊಡೆದೆ. ಅದು ಕಾರ್ಡ್ ಅಲ್ಲ, ಮಿಕ್ಸಿಗೆ ಬಿದ್ದ ಕೊಬ್ಬರಿ ಚೂರು. ಕೆಳಗಿನ ಮನೆಯವರು ಫೋನ್ ಮಾಡಿ ಬೋರ್‌ವೆಲ್ ಕೊರೆಸ್ತಿದ್ದೀರಾ ಅಂತ ಕೇಳಿದರು. ಅವರು ತಮಾಷೆ ಮಾಡುವ ಪೈಕಿಯೂ ಅಲ್ಲ.

ಡಿಸ್ಟಾರ್ಷನ್ ನಾಬನ್ನು ಕಾಲು ಭಾಗಕ್ಕೆ ಇಳಿಸಿದೆ. ಎರಡೇ ತಂತಿ ಇಟ್ಟುಕೊಂಡು, ಮೇಷ್ಟ್ರು ಪವರ್ ಕಾರ್ಡ್ ಅಂತ ಕಲಿಸಿದ್ದನ್ನು ಹೊಡೆದೆ. ದಪ್ಪಗೆ, ತುಂಬಿಕೊಂಡು ಬಂತು. ಇನ್ನೊಮ್ಮೆ ಹೊಡೆದು ಸುಮ್ಮನೆ ಬಿಟ್ಟೆ. ಸದ್ದು ನಿಂತೇ ಇತ್ತು.

ಅಮ್ಮ ಹುರಳಿಕಾಯಿ ಬುಟ್ಟಿ ಹಿಡಿದು ಬಂದರು. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಸಂಗೀತ ಪಾಠ ಹೇಳಿಸಿಕೊಂಡವರು. "ಇದು ಸ-ಪ ಅಲ್ವೇನೋ?"

ಹೌದು. ಇಷ್ಟು ದಿನ ನನಗೇ ಹೊಳೆದಿರಲಿಲ್ಲ. ಪವರ್ ಕಾರ್ಡ್ ಅಂದರೆ ಷಡ್ಜ, ಪಂಚಮ, ಅಷ್ಟೇ. ಡಿಸ್ಟಾರ್ಷನ್ ಎರಡು ಸ್ವರಗಳನ್ನು ಬೆರೆಸಿದಾಗ ಅಲ್ಲಿಲ್ಲದ ಹೊಸ ಸ್ವರಗಳು ಹುಟ್ಟುತ್ತವೆ. ಸ ಮತ್ತು ಪ ಎರಡಕ್ಕೆ ಮೂರರ ಲೆಕ್ಕದಲ್ಲಿರುವುದರಿಂದ, ಅವುಗಳ ವ್ಯತ್ಯಾಸ ಒಂದು. ಅದು ಕೆಳಗಿನ ಸ್ಥಾಯಿಯ ಷಡ್ಜ. ನಾನು ನುಡಿಸದ ಮಂದ್ರದ ಸ ಕೂಡ ಆಂಪ್‌ನಿಂದ ಬರುತ್ತಿತ್ತು. ಗಾಂಧಾರ ಸೇರಿಸಿದ ಕೂಡಲೇ ಗಲಾಟೆ ಶುರು, ಅದಕ್ಕೇ ಪೂರ್ತಿ ಕಾರ್ಡ್ ಕೊಬ್ಬರಿಯಾಗಿದ್ದು. ಅಮ್ಮ ಅಲ್ಲೇ ಮೋಡಾ ಹಾಕಿಕೊಂಡು ಕೂತರು. "ಅದನ್ನೇ ಬಿಡದೆ ಹೊಡಿ" ಅಂದರು. ಕಾಯಿ ಮುರಿಯುತ್ತಾ ಸಣ್ಣ ದನಿಯಲ್ಲಿ ಏನೋ ಗುನುಗಿದರು. ಮಾಯಾಮಾಳವಗೌಳ ರಾಗದ ಹಾಗಿತ್ತು. ಹತ್ತು ನಿಮಿಷ ನಾನು ಅವರಿಗೆ ತಂಬೂರಿಯಾಗಿದ್ದೆ. ಸ್ವಲ್ಪ ಗಂಟಲು ಕಟ್ಟಿದ ತಂಬೂರಿ.

ಈ ಡಬ್ಬಿಗಿಂತ ಮೊದಲು ನಾನು ಏನೇನು ಕೊಂಡಿದ್ದೆ ಅಂತ ನೆನೆದರೆ ನಗು ಬರುತ್ತದೆ. ತಂತಿಯ ಮೇಲೆ ಜಾರಿಸುವ, ಇವತ್ತಿಗೂ ಬಳಸದ ಗಾಜಿನ ಸ್ಲೈಡು, ತಂತಿಗಳನ್ನು ಅದುಮುವ ಎರಡು ಕ್ಯಾಪೋ ಕ್ಲಿಪ್, ತಂತಿ ಮೀಟುವ ಬಣ್ಣಬಣ್ಣದ ಪಿಕ್‌ಗಳ ಪೊಟ್ಟಣ. ಆ ರಾಶಿಯಲ್ಲಿ ನನಗೆ ಒಗ್ಗಿದ್ದು 0.73 ಮಿಲಿಮೀಟರಿನ ಹಳದಿ ಪಿಕ್ ಒಂದೇ. ನಿಜವಾಗಿ ದುಡ್ಡಿಗೆ ಮೋಸವಿಲ್ಲದ್ದು ಅಂದರೆ ಗಿಟಾರಿನ ತಲೆಗೆ ಕಚ್ಚಿಸುವ ಕ್ಲಿಪ್ ಟ್ಯೂನರ್. ಮರದ ಕಂಪನ ಹಿಡಿಯುವುದರಿಂದ ಪಕ್ಕದಲ್ಲಿ ಕುಕ್ಕರ್ ಕೂಗಿದರೂ ಅದಕ್ಕೆ ಲೆಕ್ಕವಿಲ್ಲ. ಶ್ರುತಿ ಸರಿಯಿಲ್ಲದ ಗಿಟಾರಿಗೆ ಯಾವ ಪೆಡಲ್ ಹಾಕಿದರೂ ತಪ್ಪು ಇನ್ನೂ ಜೋರಾಗಿ ಕೇಳುತ್ತದೆ, ಅಷ್ಟೇ. ಕೇಬಲ್ಲಿನಲ್ಲಿ ಮಾತ್ರ ಜಿಪುಣತನ ಮಾಡಿ ಕೆಟ್ಟೆ. ಅಲುಗಿದರೆ ಕರಕರ ಅನ್ನುವ ಮೂರು ಕೇಬಲ್ ಬಿಸಾಡಿದ ದುಡ್ಡಿಗೆ ಒಂದು ಒಳ್ಳೆಯದು ಬರುತ್ತಿತ್ತು. ಮಲ್ಟಿ ಎಫೆಕ್ಟ್ ತಗೋಬಹುದಿತ್ತಲ್ಲ, ಒಂದೇ ಡಬ್ಬಿಯಲ್ಲಿ ನೂರು ಸೌಂಡ್ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಒಳ್ಳೆಯ ಮಾತೇ, ಹೆಡ್‌ಫೋನ್ ಹಾಕಿ ರಾತ್ರಿ ನುಡಿಸುವವರಿಗೆ ಅದೇ ಸರಿ. ನನ್ನಂಥವನ ಕೈಗೆ ನೂರು ಸೌಂಡ್ ಕೊಟ್ಟರೆ ನಾಬ್ ತಿರುಗಿಸುತ್ತಾ ಕೂರುತ್ತೇನೆ, ಗಿಟಾರ್ ಮುಟ್ಟುವುದಿಲ್ಲ.

ಆ ರಾತ್ರಿ ಮಗಳ ನೇಲ್ ಪಾಲಿಶ್ ತಗೊಂಡು ಅಡಾಪ್ಟರ್ ಪಿನ್ನಿಗೆ ಗುಲಾಬಿ ಬಣ್ಣದ ಪಟ್ಟಿ ಎಳೆದೆ. ಹೊಳೆಹೊಳೆಯುವ ಚೂರುಗಳಿರುವ ಬಣ್ಣ. ಡಬ್ಬಿಯನ್ನು ಬಟ್ಟೆಯಲ್ಲಿ ಒರೆಸಿ, ಬ್ಯಾಟರಿ ಒಳಗೇ ಬಿಟ್ಟು, ಗಿಟಾರನ್ನು ಗೋಡೆಗೆ ಒರಗಿಸಿ ಮಲಗಿದೆ.

ವಾರವಿಡೀ ಆಫೀಸಿನ ಗಡಿಬಿಡಿ, ಮುಟ್ಟಲೇ ಆಗಲಿಲ್ಲ. ಮುಂದಿನ ಶನಿವಾರ ಬೆಳಿಗ್ಗೆ ಅಮ್ಮನೇ ಮೋಡಾ ಎಳೆದುಕೊಂಡು ಬಂದು, "ಎಲ್ಲಿ, ಅದನ್ನ ಹೊಡಿ ನೋಡೋಣ" ಅಂದರು. ಕಾಲಿನಿಂದ ಒತ್ತಿದೆ. ಲೈಟ್ ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದೆ. ಬಗ್ಗಿ ನೋಡಿದರೆ ಇನ್‌ಪುಟ್ ವೈರ್ ಹೋದ ವಾರ ಹಾಕಿದಲ್ಲೇ ಇತ್ತು.