ಲೈಬ್ರರಿ ಅಪ್‌ಡೇಟ್ ಆಯ್ತು, ಸ್ಟ್ಯಾಟಿಕ್ ಬೈನರಿಗಳ ಕಥೆ ಏನು?

ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಷನ್ ಲೈಬ್ರರಿಗೆ ಪ್ಯಾಚ್ ಬಂತು, ಅಪ್‌ಡೇಟ್ ಹಾಕಿ ಸರ್ವಿಸ್‌ಗಳನ್ನು ರೀಸ್ಟಾರ್ಟ್ ಮಾಡಿದರೆ ಮುಗೀತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಡೈನಾಮಿಕ್ ಲಿಂಕ್ ಆದ, ಅಂದರೆ ಓಡುವಾಗ ಸಿಸ್ಟಂನಲ್ಲಿರುವ ಲೈಬ್ರರಿಯನ್ನೇ ಬಳಸುವ ಪ್ರೋಗ್ರಾಂಗಳಿಗೆ ಅದು ಸರಿ. ಸ್ಟ್ಯಾಟಿಕ್ ಆದವುಗಳಲ್ಲಿ ಬಿಲ್ಡ್ ಮಾಡಿದ ದಿನದ ಲೈಬ್ರರಿ ಕೋಡ್ ಬೈನರಿಯೊಳಗೇ ಕಾಪಿಯಾಗಿ ಕೂತಿರುತ್ತದೆ, ಹೊರಗೆ ಏನು ಬದಲಾದರೂ ಅದಕ್ಕೆ ಗೊತ್ತಾಗುವುದಿಲ್ಲ. 2002ರಲ್ಲಿ ಝಡ್‌ಲಿಬ್ ಎಂಬ ಕಂಪ್ರೆಷನ್ ಲೈಬ್ರರಿಯಲ್ಲಿ ಡಬಲ್ ಫ್ರೀ ದೋಷ (ಒಂದೇ ಮೆಮೊರಿಯನ್ನು ಎರಡು ಸಲ ಬಿಡುಗಡೆ ಮಾಡುವುದು) ಸಿಕ್ಕಾಗಲೂ ಇದೇ ತಲೆನೋವು. ಅದನ್ನು ಒಳಗೆ ಸೇರಿಸಿಕೊಂಡಿದ್ದ ಪ್ರೋಗ್ರಾಂಗಳನ್ನೆಲ್ಲ ಹುಡುಕಿ ಮತ್ತೆ ಬಿಲ್ಡ್ ಮಾಡಬೇಕಾಯಿತು.

ಹುಡುಕುವುದೇ ಕಷ್ಟದ ಕೆಲಸ. ಪ್ರೋಗ್ರಾಂಗೆ ಬೇಕಾದ ಶೇರ್ಡ್ ಲೈಬ್ರರಿಗಳನ್ನು ತೋರಿಸುವ ಎಲ್‌ಡಿಡಿ ಕಮಾಂಡ್ 'ಇದು ಡೈನಾಮಿಕ್ ಅಲ್ಲ' ಅಂತ ಹೇಳಿ ಕೈತೊಳೆದುಕೊಳ್ಳುತ್ತದೆ. ಬೈನರಿಯೊಳಗಿನ ಪಠ್ಯ ತೋರಿಸುವ ಸ್ಟ್ರಿಂಗ್ಸ್ ಕಮಾಂಡ್‌ನಲ್ಲಿ ಲೈಬ್ರರಿಯ ವರ್ಷನ್ ಸಾಲು ಸಿಕ್ಕರೆ ಅದೃಷ್ಟ. ಗೋ ಭಾಷೆಯವರು ಸ್ವಲ್ಪ ಆರಾಮ, ಮಾಡ್ಯೂಲ್‌ಗಳ ಪಟ್ಟಿ ಬೈನರಿಯಲ್ಲೇ ಇರುತ್ತದೆ.

ಇನ್ನು ರೀಬಿಲ್ಡ್. ಸುಮ್ನೆ ಮೇಕ್ (ಬಿಲ್ಡ್ ಮಾಡುವ ಕಮಾಂಡ್) ಅಂತ ಹೊಡೆದರೆ ಎಷ್ಟೋ ಸಲ ಏನೂ ಆಗುವುದಿಲ್ಲ, ಯಾಕೆಂದರೆ ನಿಮ್ಮ ಸೋರ್ಸ್ ಫೈಲ್ ಬದಲಾಗಿಲ್ಲ, ಸಿಸ್ಟಂನ ಲೈಬ್ರರಿ ಬದಲಾಗಿದ್ದನ್ನು ಮೇಕ್‌ಫೈಲ್ ನೋಡುತ್ತಲೂ ಇರುವುದಿಲ್ಲ. ಮೊದಲು ಡೆವಲಪ್‌ಮೆಂಟ್ ಪ್ಯಾಕೇಜ್ ಅಪ್‌ಡೇಟ್ ಮಾಡಿ (ಸ್ಟ್ಯಾಟಿಕ್ ಲೈಬ್ರರಿಯ ಡಾಟ್ ಎ ಫೈಲ್ ಸಾಮಾನ್ಯವಾಗಿ ಇರುವುದೇ ಅದರಲ್ಲಿ), ಆಮೇಲೆ ಕ್ಲೀನ್ ಮಾಡಿ ಬಿಲ್ಡ್ ಮಾಡಿ.

ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಸುವ ಸಿ ಲೈಬ್ರರಿ ಜಿಲಿಬ್‌ಸಿ ಇನ್ನೂ ತಮಾಷೆ. ಪೂರ್ತಿ ಸ್ಟ್ಯಾಟಿಕ್ ಅಂದುಕೊಂಡ ಪ್ರೋಗ್ರಾಂ ಹೋಸ್ಟ್‌ನೇಮ್ ಹುಡುಕುವಾಗ ಸಿಸ್ಟಂನ ಶೇರ್ಡ್ ಲೈಬ್ರರಿಗಳನ್ನು ಕೇಳಬಹುದು, ಅದೂ ಲಿಂಕ್ ಮಾಡಿದಾಗ ಇದ್ದ ಅದೇ ವರ್ಷನ್ ಬೇಕು. ಲಿಂಕರ್ ವಾರ್ನಿಂಗ್ ಕೊಡುತ್ತದೆ, ಆದರೆ ವಾರ್ನಿಂಗ್ ಯಾರು ಓದುತ್ತಾರೆ ಅಲ್ವಾ? ಇದು ಬೇಡ ಅನ್ನುವವರು ಮಸಲ್ ಎಂಬ ಇನ್ನೊಂದು ಸಿ ಲೈಬ್ರರಿ ಬಳಸಿ ಬಿಲ್ಡ್ ಮಾಡುತ್ತಾರೆ. ನನಗೂ ಅದೇ ಜಾಸ್ತಿ ಇಷ್ಟ.