ಮುಳ್ಳು ತಪ್ಪಿದರೆ ಮೊದಲು ಓಡೋಮೀಟರ್ ನೋಡಿ

12 ಮೇ 2024, ಭಾನುವಾರ

ಕಾರಿನ ವೇಗ ತೋರಿಸುವ ಮೀಟರ್ (ಸ್ಪೀಡೋಮೀಟರ್) 80 ತೋರಿಸುತ್ತಿದೆ, ಫೋನಿನ ಜಿಪಿಎಸ್ 75 ಅನ್ನುತ್ತಿದೆ. ಇದು ಬಹುಪಾಲು ದೋಷವೇ ಅಲ್ಲ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದಂತೆ ಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸಬಹುದು, ನಿಜ ವೇಗದ ಹತ್ತನೇ ಒಂದು ಭಾಗ, ಅದರ ಮೇಲೆ ಇನ್ನೊಂದು 4 ಕಿ.ಮೀ. ತನಕ. ಅಂದರೆ 75ಕ್ಕೆ 86 ತೋರಿಸಿದರೂ ಮಿತಿಯೊಳಗೇ. ಕಡಿಮೆ ತೋರಿಸುವ ಮೀಟರನ್ನು ಮಾತ್ರ ತಕ್ಷಣ ಬಿಚ್ಚಬೇಕು.

ಜಿಪಿಎಸ್ ಹೋಲಿಕೆ ಮಾಡುವಾಗ ಸಮತಟ್ಟಾದ ನೇರ ರಸ್ತೆಯಲ್ಲಿ ಒಂದೇ ವೇಗವನ್ನು ಅರ್ಧ ನಿಮಿಷ ಹಿಡಿಯಿರಿ. ವೇಗ ಏರಿಳಿಯುವಾಗ ಜಿಪಿಎಸ್ ಹಿಂದೆ ಬೀಳುತ್ತದೆ. ಅಂಕಿ ಬರೆದುಕೊಳ್ಳುವ ಕೆಲಸ ಪಕ್ಕದಲ್ಲಿ ಕೂತವರದ್ದು.

ಮುಖ್ಯ ಪರೀಕ್ಷೆ ಇನ್ನೊಂದಿದೆ, ಅದನ್ನೇ ಎಲ್ಲರೂ ಬಿಡುತ್ತಾರೆ. ಜಿಪಿಎಸ್‌ನಲ್ಲಿ 10 ಕಿ.ಮೀ. ಅಳೆದು, ಓಡಿದ ದೂರ ಎಣಿಸುವ ಓಡೋಮೀಟರ್ ಎಷ್ಟು ಓಡಿತು ನೋಡಿ. ಅದೂ 10.6 ತೋರಿಸಿದರೆ ಮೀಟರ್ ಬಿಚ್ಚುವ ಮೊದಲು ಟೈರ್ ನೋಡಿ. ಬದಿಯಲ್ಲಿ 165/80 ಆರ್14 ಎಂದು ಅಳತೆ ಬರೆದ ಟೈರಿನ ವ್ಯಾಸ ಸುಮಾರು 620 ಮಿ.ಮೀ., 175/65 ಆರ್14ರದ್ದು 583. ಮೊದಲನೆಯದರ ಜಾಗಕ್ಕೆ ಎರಡನೆಯದು ಹಾಕಿದ್ದರೆ, ರಿಮ್ ಒಂದೇ, ಆದರೆ ಚಿಕ್ಕ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತುತ್ತದೆ, ಶೇ. 6ರಷ್ಟು ಹೆಚ್ಚು ತೋರಿಸುವುದು ಖಚಿತ. ಪೂರ್ತಿ ಸವೆದ ಟೈರ್ ಒಂದೇ ಸುಮಾರು ಶೇ. 2ರ ವ್ಯತ್ಯಾಸ ತರುತ್ತದೆ.

ಓಡೋಮೀಟರ್ ಸರಿ, ಮುಳ್ಳು ಮಾತ್ರ ತಪ್ಪು ಅಂದರೆ, ತಿರುಗುವ ಕೇಬಲ್ ಓಡಿಸುವ ಮೀಟರಿನ ಹಳೆ ಕಾರುಗಳಲ್ಲಿ ದೋಷ ಮೀಟರಿನೊಳಗೇ ಇದೆ. ಓಡೋಮೀಟರ್ ಕೇಬಲ್‌ನಿಂದ ನೇರ ಹಲ್ಲುಗಾಲಿಗಳ ಮೇಲೆ ಓಡುತ್ತದೆ. ಮುಳ್ಳಿಗೆ ಆ ನೇರ ಸಂಬಂಧ ಇಲ್ಲ: ತಿರುಗುವ ಆಯಸ್ಕಾಂತ ಅಲ್ಯೂಮಿನಿಯಂ ಬಟ್ಟಲನ್ನು ಮುಟ್ಟದೆಯೇ ಎಳೆಯುತ್ತದೆ, ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ತಡೆಯುತ್ತದೆ. ಆಯಸ್ಕಾಂತ ಸೊರಗಿದರೆ ಮುಳ್ಳು ಕಡಿಮೆ, ಸ್ಪ್ರಿಂಗ್ ಸೋತರೆ ಹೆಚ್ಚು. ಬಟ್ಟಲಿಗೆ ಗ್ರೀಸ್ ಹತ್ತಿದರೆ ಮುಳ್ಳು ಮೇಲೆಯೇ ಅಂಟಿಕೊಳ್ಳುತ್ತದೆ.

ಈ ಗ್ರೀಸ್ ಅಲ್ಲಿಗೆ ಹೋಗುವುದು ಕೇಬಲ್ ಮೂಲಕವೇ. ಕೇಬಲ್ ಒಳಗೆ ತಿರುಗುವ ಒಳತಂತಿಯ ಕೆಳಗಿನ ಮುಕ್ಕಾಲು ಭಾಗಕ್ಕೆ ತೆಳುವಾಗಿ ಸವರಿ, ಮೀಟರ್ ಕಡೆಯ ತುದಿ ಒಣಗಿರಲಿ. ತಂತಿಯ ಸುರುಳಿ ಎಣ್ಣೆಯನ್ನು ಮೇಲಕ್ಕೆ ಏರಿಸುತ್ತದೆ. ನಿಧಾನ ವೇಗದಲ್ಲಿ ಮುಳ್ಳು ಕುಣಿಯುತ್ತಿದ್ದರೆ ಒಳತಂತಿ ಎಳೆದು ತೆಗೆದು, ಎರಡೂ ತುದಿ ಹಿಡಿದು ಸಡಿಲವಾಗಿ ಬಾಗಿಸಿ, ಬೆರಳಲ್ಲಿ ಹೊರಳಿಸಿ. ಸೊಟ್ಟ ಇದ್ದ ಕಡೆ ಟಕ್ಕನೆ ಜಿಗಿಯುತ್ತದೆ. ಅದನ್ನು ನೆಟ್ಟಗೆ ಮಾಡಲು ಹೋಗದೆ ಹೊಸದು ಹಾಕಿ.

ಮೀಟರನ್ನು ಮೇಜಿನ ಮೇಲೂ ಪರೀಕ್ಷಿಸಬಹುದು. ಜಪಾನಿನ ಮಾನಕದ ಮೀಟರಿಗೆ ಕಿ.ಮೀ.ಗೆ 637 ಸುತ್ತು. ಹಾಗಾಗಿ ವೇಗ ಬದಲಿಸಬಲ್ಲ ಡ್ರಿಲ್‌ನಲ್ಲಿ ನಿಮಿಷಕ್ಕೆ 637 ಸುತ್ತು ಕೊಟ್ಟರೆ ಮುಳ್ಳು 60ಕ್ಕೆ ಬರಬೇಕು. ಕೇಬಲ್ ಯಾವ ದಿಕ್ಕಿಗೆ ತಿರುಗುತ್ತದೆಂದು ಮೊದಲೇ ಗುರುತು ಮಾಡಿಕೊಳ್ಳಿ.

ಎಲೆಕ್ಟ್ರಾನಿಕ್ ಮೀಟರಿನ ಕಾರಿಗೆ ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಸಾಧನ) ಹಾಕಿ. ಸ್ಕ್ಯಾನರಿನ ವೇಗ ಜಿಪಿಎಸ್‌ಗೆ ಹೊಂದಿ, ಮೀಟರ್ ಮಾತ್ರ ಸ್ವಲ್ಪ ಮುಂದಿದ್ದರೆ ಅದು ಕಂಪನಿಯೇ ಇಟ್ಟ ಅಂತರ. ಸ್ಕ್ಯಾನರೇ ಹಾರಾಡುತ್ತಿದ್ದರೆ ವೇಗ ಅಳೆಯುವ ಸೆನ್ಸರ್ ಕಡೆ ಹೋಗಿ: ಅದು ಆಯಸ್ಕಾಂತ ಕ್ಷೇತ್ರ ಗುರುತಿಸುವ, ಮೂರು ತಂತಿಯ ಹಾಲ್ ಸೆನ್ಸರ್ ಆದರೆ ಡ್ರೈವ್ ಚಕ್ರ ಎತ್ತಿ, ಇಗ್ನಿಷನ್ ಆನ್ ಮಾಡಿ, ಕೈಯಲ್ಲಿ ನಿಧಾನ ತಿರುಗಿಸಿದಾಗ ಸಿಗ್ನಲ್ ತಂತಿಯ ವೋಲ್ಟೇಜ್ ಏರಿಳಿಯಬೇಕು. ಏರಿಳಿಯದಿದ್ದರೆ ಸೆನ್ಸರ್ ಬದಲಿಸುವ ಮುನ್ನ ಅದರ ಕನೆಕ್ಟರ್ ಬಿಚ್ಚಿ, ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ ನೋಡಿ.