ಜಾಲರಿಯ ಮುಂದೆ ಮೊಣಕಾಲೂರಿ

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಈ ಶುಕ್ರವಾರ ಚರ್ಚಿನಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿದ ಮೇಲೆ, ಏಳು ತಿಂಗಳಿಂದ ಮುಂದೂಡುತ್ತ ಬಂದಿದ್ದ, ಗುರುಗಳೆದುರು ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಗೆ ಹೋಗಿ ಮೊಣಕಾಲೂರಿದೆ. ಅಣ್ಣನೊಡನೆ ಮಾತು ಬಿಟ್ಟದ್ದನ್ನು ಮನಸ್ಸಿನಲ್ಲಿ ನೂರು ಸಲ ಸಮರ್ಥಿಸಿಕೊಂಡಿದ್ದೆನಾದರೂ, ಜಾಲರಿಯ ಆಚೆ ಕಿವಿಗೊಟ್ಟು ಕುಳಿತ ಗುರುಗಳಿಗೆ ಅದನ್ನೇ ಬಾಯಿಬಿಟ್ಟು ಹೇಳುವಾಗ ಸಮರ್ಥನೆಯ ಒಂದು ಮಾತೂ ಹೊರಡಲಿಲ್ಲ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ಕಥೋಲಿಕ ಧರ್ಮಸಭೆಯ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿದಾಗ, ಕೇಳಿದ್ದನ್ನು ಹೊರಗೆಡಹುವ ಗುರುವಿಗೆ ಕಠಿಣ ಶಿಕ್ಷೆಯನ್ನೂ ಗೊತ್ತುಮಾಡಿತು. ಗುಟ್ಟಿನ ಆ ಭರವಸೆ ಇಲ್ಲದಿದ್ದರೆ ನಾನಂತೂ ಬಾಯಿ ತೆರೆಯುತ್ತಿರಲಿಲ್ಲ. ಕ್ಷಮೆಯ ಮಾತು ಕಿವಿಗೆ ಬಿದ್ದಾಗ ಕಣ್ಣು ತುಂಬಿತು. ಪ್ರಾಯಶ್ಚಿತ್ತವಾಗಿ ಗುರುಗಳು ಹೇಳಿದ್ದು ಒಂದು ಪರಲೋಕ ಮಂತ್ರ, ಅಣ್ಣನಿಗೊಂದು ಫೋನ್ ಕರೆ. ಪ್ರಾರ್ಥನೆಯನ್ನು ಅಲ್ಲೇ ಬೆಂಚಿನಲ್ಲಿ ಕುಳಿತು ಮುಗಿಸಿದೆ. ಕರೆಯನ್ನು ಇಂದು ರಾತ್ರಿ ಊಟಕ್ಕೆ ಮೊದಲು ಮಾಡುತ್ತೇನೆ.